‘ನೋವಾಗುವುದಿಲ್ಲ’ ಎಂದು ಮಗುವಿಗೆ ಹೇಳಬೇಡಿ

ಮಕ್ಕಳ ಆರೋಗ್ಯ: ಓದುಗರ ಪ್ರಶ್ನೆಗಳಿಗೆ ಮಕ್ಕಳ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಯಿಲೆಯ ಬಗ್ಗೆ ಅಲ್ಲ, ಚಿಕಿತ್ಸೆಯ ಹೊತ್ತಿನಲ್ಲಿ ಮಗು ಪಡುವ ನೋವು ಮತ್ತು ಭಯದ ಬಗ್ಗೆ ಇವೆ. ಅವುಗಳಲ್ಲಿ ಆರನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ ತುಂಬಿದೆ, ಡಿಪಿಟಿ ಬೂಸ್ಟರ್ ಹಾಕಿಸುವುದು ಬಾಕಿ ಇದೆ. ಹೋದ ವರ್ಷ ಜ್ವರ ಬಂದು ರಕ್ತ ಪರೀಕ್ಷೆ ಮಾಡಿಸುವಾಗ ಅವಳನ್ನು ನಾಲ್ಕು ಜನ ಅದುಮಿ ಹಿಡಿಯಬೇಕಾಯಿತು. ಅಂದಿನಿಂದ ಆಸ್ಪತ್ರೆಯ ಬೋರ್ಡು ಕಂಡರೂ ನನ್ನ ಕುತ್ತಿಗೆ ತಬ್ಬಿಕೊಂಡು ಕಿರುಚುತ್ತಾಳೆ. ಐಸ್‌ಕ್ರೀಮ್ ಕೊಡಿಸುತ್ತೇವೆಂದು ಹೇಳಿ ಕರೆದುಕೊಂಡು ಹೋಗೋಣ ಎನ್ನುತ್ತಾರೆ ನಮ್ಮ ಅತ್ತೆಯವರು. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಐಸ್‌ಕ್ರೀಮ್ ಧಾರಾಳವಾಗಿ ಕೊಡಿಸಿ, ಆದರೆ ಆಸ್ಪತ್ರೆಗೆ ಹೋಗುತ್ತಿರುವುದನ್ನು ಮುಚ್ಚಿಡಬೇಡಿ. ನಿಮ್ಮ ಅತ್ತೆಯವರ ಉದ್ದೇಶ ಒಳ್ಳೆಯದೇ, ಮಗು ದಾರಿಯುದ್ದಕ್ಕೂ ಅಳದಿರಲಿ ಎಂಬುದಷ್ಟೇ ಅವರ ಆಸೆ. ಆದರೆ ಹೀಗೆ ಕರೆದೊಯ್ದ ಮಗು ಮುಂದಿನ ಸಲ ನಿಜವಾಗಿ ಐಸ್‌ಕ್ರೀಮ್ ಅಂಗಡಿಗೆ ಹೊರಟಾಗಲೂ ನಡುಗುತ್ತದೆ. ಸೂಜಿಯ ನೋವು ಕೆಲವು ಕ್ಷಣಗಳದ್ದು. ನಂಬಿದವರೇ ಮೋಸ ಮಾಡಿದರು ಎಂಬ ನೋವು ವರ್ಷಗಟ್ಟಲೆ ಉಳಿಯುತ್ತದೆ. ಸೂಜಿ ಕಂಡರೆ ನಡುಗುವ ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ನಾನು ನೋಡುತ್ತಿರುತ್ತೇನೆ. ಅವರ ತಂದೆತಾಯಿಯನ್ನು ವಿಚಾರಿಸಿದರೆ ಬಹಳ ಸಲ ಒಂದು ಸುಳ್ಳು, ಒಂದು ಅದುಮಿ ಹಿಡಿದ ದಿನ, ಇವೆರಡೂ ನೆನಪಿಗೆ ಬರುತ್ತವೆ.

ಐದು ವರ್ಷದ ಮಗುವಿಗೆ ಒಂದು ವಾರ ಮೊದಲೇ ಹೇಳಿದರೆ ಆ ವಾರವೆಲ್ಲ ಅದೇ ಚಿಂತೆಯಾಗುತ್ತದೆ. ಹಿಂದಿನ ದಿನ ಸಂಜೆ ಅಥವಾ ಅಂದು ಬೆಳಿಗ್ಗೆ ಹೇಳಿದರೆ ಸಾಕು. ಮಾತು ಚಿಕ್ಕದಾಗಿರಲಿ: ‘ನಾಳೆ ಕೈಗೆ ಒಂದು ಇಂಜೆಕ್ಷನ್ ಇದೆ. ಚುಚ್ಚುವಾಗ ಸ್ವಲ್ಪ ನೋವಾಗಬಹುದು, ಕೆಲವರಿಗೆ ಒತ್ತಿದ ಹಾಗೆ ಅನ್ನಿಸುತ್ತದೆ, ನಿನಗೆ ಹೇಗೆ ಅನ್ನಿಸಿತು ಅಂತ ಆಮೇಲೆ ಹೇಳು. ನೀನು ನನ್ನ ತೊಡೆಯ ಮೇಲೇ ಕೂತಿರುತ್ತೀಯ.’ ಈ ಮಾತಿನಲ್ಲಿ ಸುಳ್ಳಿಲ್ಲ, ಹೆದರಿಕೆಯನ್ನು ಹೆಚ್ಚಿಸುವ ವರ್ಣನೆಯೂ ಇಲ್ಲ. ಇರುವೆ ಕಚ್ಚಿದ ಹಾಗೆ ಎಂದು ಹೇಳುವುದು ನಮ್ಮಲ್ಲಿ ರೂಢಿ. ಆದರೆ ಇರುವೆ ಕಚ್ಚಿ ಊದಿಕೊಂಡ ಅನುಭವ ಇರುವ ಮಗುವಿಗೆ ಅದು ಸಮಾಧಾನದ ಮಾತಲ್ಲ.

ಮಲಗಿಸಿ ಕೈಕಾಲು ಹಿಡಿದುಕೊಂಡಾಗ ಮಗುವಿನ ಭಯ ಹೆಚ್ಚುತ್ತದೆ. ಆದ್ದರಿಂದ ನೀವು ಕುರ್ಚಿಯಲ್ಲಿ ಕುಳಿತು, ಅವಳನ್ನು ನಿಮ್ಮ ಎದೆಗೆ ಮುಖ ಮಾಡಿ ತೊಡೆಯ ಮೇಲೆ ಕೂರಿಸಿಕೊಳ್ಳಿ. ಅವಳ ಕಾಲುಗಳು ನಿಮ್ಮ ಸೊಂಟದ ಎರಡೂ ಬದಿಗೆ ಇಳಿಬಿಟ್ಟಿರಲಿ, ಚುಚ್ಚದ ಕೈ ನಿಮ್ಮ ಬೆನ್ನನ್ನು ಬಳಸಿರಲಿ, ಚುಚ್ಚುವ ಕೈಯ ಮೊಣಕೈಯನ್ನು ನೀವು ಮೆಲ್ಲಗೆ ಆದರೆ ಅಲುಗದಂತೆ ಹಿಡಿದಿರಿ. ಹೊರಗಿನಿಂದ ನೋಡಿದರೆ ಇದು ಅಪ್ಪುಗೆಯೇ, ಆದರೂ ಕೈ ಕದಲುವುದಿಲ್ಲ. ಅದೇ ಹೊತ್ತಿಗೆ ಸೋಪಿನ ನೀರಿನ ಗುಳ್ಳೆ ಊದಲು ಕೊಡಿ. ದೀರ್ಘವಾಗಿ ಉಸಿರು ಬಿಡುವಾಗ ಸ್ನಾಯುಗಳು ಸಡಿಲವಾಗುತ್ತವೆ, ಸಡಿಲವಾದ ಸ್ನಾಯುವಿಗೆ ಚುಚ್ಚಿದರೆ ನೋವು ಕಡಿಮೆ. ಗುಳ್ಳೆ ಸಿಗದಿದ್ದರೆ ಮೊಬೈಲಿನಲ್ಲಿ ಅವಳಿಗೆ ಇಷ್ಟವಾದದ್ದನ್ನು ತೋರಿಸಿ, ಅವಳೇ ಆರಿಸಿಕೊಳ್ಳಲಿ. ಎಡಗೈಯೋ ಬಲಗೈಯೋ, ನೋಡುವುದೋ ಬೇಡವೋ, ಎಣಿಸುವುದು ಐದರ ತನಕವೋ ಹತ್ತರ ತನಕವೋ, ಇವನ್ನೆಲ್ಲ ಅವಳಿಗೇ ಬಿಡಿ. ‘ಇಂಜೆಕ್ಷನ್ ಹಾಕಿಸಿಕೊಳ್ಳುತ್ತೀಯಾ?’ ಎಂದು ಮಾತ್ರ ಕೇಳಬೇಡಿ, ಏಕೆಂದರೆ ಅವಳು ಬೇಡವೆಂದರೆ ಆ ಮಾತನ್ನು ನಡೆಸಿಕೊಡಲು ನಿಮ್ಮಿಂದಾಗದು.

ಅವಳ ಭಯ ನೀವು ಬರೆದಷ್ಟು ಆಳವಾಗಿದ್ದರೆ, ಚರ್ಮವನ್ನು ಮರಗಟ್ಟಿಸುವ ಮುಲಾಮಿನ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಲಿಗ್ನೋಕೇಯ್ನ್ ಮತ್ತು ಪ್ರೈಲೋಕೇಯ್ನ್ ಎರಡೂ ಸೇರಿರುವ ಈ ಮುಲಾಮನ್ನು ಚುಚ್ಚುವ ಜಾಗಕ್ಕೆ ದಪ್ಪವಾಗಿ ಹಚ್ಚಿ, ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿ, ಕನಿಷ್ಠ 60 ನಿಮಿಷ ಬಿಡಬೇಕಾಗುತ್ತದೆ. ಹತ್ತು ನಿಮಿಷಕ್ಕೇ ಒರೆಸಿ ‘ಇದರಿಂದ ಏನೂ ಪ್ರಯೋಜನವಾಗಲಿಲ್ಲ’ ಎನ್ನುವವರೇ ಹೆಚ್ಚು. ಎಲ್ಲಿಗೆ ಮತ್ತು ಎಷ್ಟು ಹಚ್ಚಬೇಕೆಂಬುದನ್ನು ವೈದ್ಯರೇ ತೋರಿಸಿಕೊಡಲಿ, ಎಳೆಯ ಕೂಸುಗಳಿಗೆ ಅದು ಹೆಚ್ಚಾದರೆ ರಕ್ತಕ್ಕೆ ಅಪಾಯವಿದೆ.

ಚುಚ್ಚುವ ಕ್ಷಣದಲ್ಲಿ ‘ಏನಿಲ್ಲ, ಏನಿಲ್ಲ, ಆಗೋಯ್ತು’ ಎಂದು ನಡುಗುವ ದನಿಯಲ್ಲಿ ಮತ್ತೆ ಮತ್ತೆ ಹೇಳಬೇಡಿ. ಅಮ್ಮ ಇಷ್ಟು ಸಲ ಹೇಳುತ್ತಿದ್ದಾಳೆಂದರೆ ಏನೋ ಇರಲೇಬೇಕೆಂದು ಮಗು ಸರಿಯಾಗಿಯೇ ಊಹಿಸುತ್ತದೆ. ಗುಳ್ಳೆಯ ಬಗ್ಗೆ ಮಾತಾಡಿ. ಅತ್ತರೆ ಅಳಲಿ. ಮನೆಗೆ ಬಂದ ಮೇಲೆ ಅವಳು ಚೆನ್ನಾಗಿ ಮಾಡಿದ ಒಂದು ನಿಜವಾದ ಸಂಗತಿಯನ್ನು ನೆನಪಿಸಿ: ‘ಅಳು ಬಂದರೂ ಕೈ ಅಲುಗಿಸಲಿಲ್ಲ ನೀನು.’ ಮುಂದಿನ ಸಲ ಅವಳೊಂದಿಗೆ ಬರುವುದು ಆ ನೆನಪೇ. ಕೊನೆಯದಾಗಿ ಒಂದು ಕೋರಿಕೆ: ಊಟ ಬಿಟ್ಟಾಗ, ಹಠ ಮಾಡಿದಾಗ ‘ಡಾಕ್ಟರ ಹತ್ರ ಹೇಳಿ ಸೂಜಿ ಚುಚ್ಚಿಸ್ತೀನಿ’ ಎಂದು ಮನೆಯಲ್ಲಿ ಯಾರೂ ಹೇಳದಂತೆ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಒಂದೂವರೆ ತಿಂಗಳು. ತಾಯಿ ಕಾರ್ಡಿನ ಪ್ರಕಾರ ಈ ವಾರ ಒಂದೇ ದಿನ ಮೂರು ಇಂಜೆಕ್ಷನ್ ಹಾಕುತ್ತಾರಂತೆ. ಇಷ್ಟು ಎಳೆಯ ಕೂಸಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂದು ಕೆಲವರು, ಬಾಯಿಗೆ ಜೇನುತುಪ್ಪ ಸವರಿ ಎಂದು ಕೆಲವರು, ಜ್ವರದ ಔಷಧ ಮೊದಲೇ ಕೊಟ್ಟುಬಿಡಿ ಎಂದು ಇನ್ನು ಕೆಲವರು ಹೇಳುತ್ತಾರೆ.
– ಒಬ್ಬ ಅಜ್ಜಿ, ಶಿರಸಿ

ಉತ್ತರ: ಎಳೆಯ ಕೂಸಿಗೆ ನೋವು ತಿಳಿಯುವುದಿಲ್ಲವೆಂದು ನಂಬಿದ್ದವರು ಹಳ್ಳಿಯವರಷ್ಟೇ ಅಲ್ಲ, ನನ್ನ ವೃತ್ತಿಯವರೂ ಬಹುಕಾಲ ಹಾಗೆಯೇ ನಂಬಿದ್ದರು. 1980ರ ದಶಕದವರೆಗೂ ಮುಂದುವರಿದ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ಕೂಡ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧವನ್ನೂ ತೀರ ಹಗುರವಾದ ಅರಿವಳಿಕೆಯನ್ನೂ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವುದಿತ್ತು. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಸಿಂಗ್ ಆನಂದ್ ಅವರು ಅಂಥ ಶಿಶುಗಳ ರಕ್ತವನ್ನು ಪರೀಕ್ಷಿಸಿ, ಬಲವಾದ ನೋವುನಿವಾರಕವನ್ನೂ ಪಡೆದ ಕೂಸುಗಳಲ್ಲಿ ದೇಹದ ಒತ್ತಡದ ಹಾರ್ಮೋನುಗಳು ಕಡಿಮೆ ಏರುತ್ತವೆ, ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಕಡಿಮೆ ಎಂದು 1987ರಲ್ಲಿ ತೋರಿಸಿಕೊಟ್ಟರು. ಹತ್ತು ವರ್ಷಗಳ ನಂತರ, 1997ರಲ್ಲಿ, ಕೆನಡಾದ ಅನ್ನಾ ಟಾಡಿಯೋ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಹುಟ್ಟಿದ ಹೊಸತರಲ್ಲಿ ನೋವಿಗೆ ಏನನ್ನೂ ಕೊಡದೆ ಸುನ್ನತಿ ಮಾಡಲಾಗಿದ್ದ ಗಂಡುಮಕ್ಕಳು, ನಾಲ್ಕರಿಂದ ಆರು ತಿಂಗಳಲ್ಲಿ ಲಸಿಕೆ ಹಾಕಿದಾಗ ಬೇರೆ ಮಕ್ಕಳಿಗಿಂತ ಹೆಚ್ಚು ನೋವಿನ ಲಕ್ಷಣ ತೋರಿದರು. ಕೂಸಿಗೆ ನೋವು ತಿಳಿಯುತ್ತದೆ, ದೇಹ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಜೇನುತುಪ್ಪ ಖಂಡಿತ ಬೇಡ. ಒಂದು ವರ್ಷ ತುಂಬುವವರೆಗೆ ಒಂದು ಹನಿಯನ್ನೂ ಕೊಡಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಶಿಶುವಿನ ಕರುಳಿನಲ್ಲಿ ಬೆಳೆದು, ಸ್ನಾಯುಗಳನ್ನು ಸೋಲಿಸುವ ವಿಷವನ್ನು ಉತ್ಪಾದಿಸಬಲ್ಲವು. ನಿಮ್ಮ ಸೀಮೆಯ ಕಾಡುಜೇನು ಎಷ್ಟೇ ಶುದ್ಧವಾಗಿದ್ದರೂ ಈ ಮಾತು ಬದಲಾಗುವುದಿಲ್ಲ. ಸಿಹಿಯಿಂದ ಕೂಸಿನ ನೋವು ತಗ್ಗುವುದು ನಿಜವೇ. ಅದಕ್ಕಾಗಿ ಅಳತೆ ಮಾಡಿದ ಸಕ್ಕರೆ ದ್ರಾವಣವನ್ನು ಆಸ್ಪತ್ರೆಗಳಲ್ಲಿ ಚುಚ್ಚುವುದಕ್ಕೆ ಎರಡು ನಿಮಿಷ ಮೊದಲು ನಾಲಿಗೆಗೆ ಹಾಕುವುದುಂಟು.

ಆದರೆ ನಿಮ್ಮ ಮನೆಯಲ್ಲಿ ಅದಕ್ಕಿಂತ ಉತ್ತಮವಾದದ್ದು ಇದೆ. ಪೋಲಿಯೋ ಮತ್ತು ರೋಟಾ ಹನಿಗಳನ್ನು ಮೊದಲು ಹಾಕಿಸಿ, ನಂತರ ಸೊಸೆ ಮಗುವನ್ನು ಎದೆಗೆ ಹಾಕಿಕೊಂಡು, ಅದು ಚೆನ್ನಾಗಿ ಚೀಪಲು ಶುರು ಮಾಡಿದ ಮೇಲೆ ಇಂಜೆಕ್ಷನ್ ಹಾಕಲು ಹೇಳಿ. ಚುಚ್ಚುವಾಗಲೂ ಮೊಲೆ ಬಿಡಿಸುವುದು ಬೇಡ, ಮುಗಿದ ಮೇಲೂ ಕುಡಿಯುತ್ತಿರಲಿ. ಹಾಲು ನೆತ್ತಿಗೆ ಹತ್ತೀತೆಂಬ ಹೆದರಿಕೆಗೆ ಆಧಾರವಿಲ್ಲ. ಅಮ್ಮನ ಮೈಯ ಬಿಸುಪು, ಚೀಪುವ ಕೆಲಸ, ಹಾಲಿನ ಸಿಹಿ ಮೂರೂ ಒಟ್ಟಿಗೆ ಸೇರಿ ಮಾಡುವ ಕೆಲಸವನ್ನು ಯಾವ ಔಷಧವೂ ಇಷ್ಟು ಸುಲಭವಾಗಿ ಮಾಡುವುದಿಲ್ಲ. ಸೊಸೆಗೆ ಮರೆ ಬೇಕಾಗುತ್ತದೆ, ಒಂದು ಸೆರಗು ಅಥವಾ ದುಪ್ಪಟ್ಟಾ ಹಿಡಿದು ನೀವು ಪಕ್ಕದಲ್ಲಿ ನಿಂತರೆ ಅಂದಿನ ಅರ್ಧ ಕೆಲಸ ನಿಮ್ಮಿಂದಲೇ ಆದ ಹಾಗೆ.

ಪ್ಯಾರಾಸಿಟಮಾಲನ್ನು ಮೊದಲೇ ಕೊಡುವುದು ಬೇಡ. ಅದು ಸೂಜಿಯ ನೋವನ್ನು ತಡೆಯುವುದಿಲ್ಲ, ಕೆಲವು ಲಸಿಕೆಗಳಿಂದ ಹುಟ್ಟುವ ರೋಗನಿರೋಧಕ ಶಕ್ತಿಯನ್ನೂ ಸ್ವಲ್ಪ ತಗ್ಗಿಸಬಹುದು. ಸಂಜೆ ಜ್ವರ ಬಂದರೆ ಅಥವಾ ತೊಡೆ ನೋವಿನಿಂದ ಕಿರಿಕಿರಿ ಮಾಡಿದರೆ ಆರೋಗ್ಯ ಸಹಾಯಕಿ ಹೇಳಿದ ಪ್ರಮಾಣದಲ್ಲಿ ಕೊಡಿ. ಸಾಮಾನ್ಯ ಲೆಕ್ಕ ಕೂಸಿನ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಇಲ್ಲಿ ಒಂದು ಎಚ್ಚರಿಕೆ. ಹನಿ ಹಾಕುವ ಚಿಕ್ಕ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 120 ಅಥವಾ 250 ಮಿಲಿಗ್ರಾಂ. ಸಿರಪ್ಪಿನ ಅಳತೆಯಲ್ಲಿ ಹನಿ ಔಷಧವನ್ನು ಕುಡಿಸಿದರೆ ಕೂಸಿನ ಪ್ರಾಣಕ್ಕೇ ಸಂಚಕಾರ ಬರಬಹುದು. ಬಾಟಲಿಯ ಮೇಲಿನ ಅಂಕಿಯನ್ನು ಓದದೆ ಕೊಡಬೇಡಿ.

ಪ್ರಶ್ನೆ: ಮಗುವಿಗೆ ಜ್ವರ ಬಂದಾಗ ಸಿರಪ್ ಬರೆದುಕೊಡುವ ಡಾಕ್ಟರಿಗಿಂತ, ಸೊಂಟಕ್ಕೆ ಒಂದು ಇಂಜೆಕ್ಷನ್ ಹಾಕುವ ಡಾಕ್ಟರ ಕೈಗುಣವೇ ಒಳ್ಳೆಯದು ಎನ್ನುತ್ತಾರೆ ನಮ್ಮೂರಿನಲ್ಲಿ. ಇದು ನಿಜವೇ?
– ಒಬ್ಬ ತಂದೆ, ಕೊಪ್ಪಳ

ಉತ್ತರ: ನಿಜವಲ್ಲ. ಮಕ್ಕಳ ಜ್ವರಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬಂದು ತಾವಾಗಿಯೇ ಇಳಿಯುತ್ತವೆ, ಬಾಯಿಯಿಂದ ಕೊಟ್ಟ ಪ್ಯಾರಾಸಿಟಮಾಲ್ ಅಂಥ ಮಗುವಿಗೆ ಸಾಕಾಗುತ್ತದೆ. ಪೃಷ್ಠಕ್ಕೆ ಹಾಕಿದ ಸೂಜಿ ಅಲ್ಲಿನ ದೊಡ್ಡ ನರಕ್ಕೆ ತಗುಲಿ, ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುವಂತಾದ ಮಕ್ಕಳಿದ್ದಾರೆ. ವಾಂತಿ ನಿಲ್ಲದ ಮಗು, ತೀವ್ರ ಸೋಂಕಾಗಿರುವ ಮಗು, ಹೀಗೆ ಇಂಜೆಕ್ಷನ್ ಬೇಕೇ ಬೇಕಾದ ಸಂದರ್ಭಗಳು ಬೇರೆ, ಅವನ್ನು ವೈದ್ಯರು ನಿರ್ಧರಿಸಲಿ. ಆದರೆ ‘ಒಂದು ಸೂಜಿ ಹಾಕಿಬಿಡಿ ಸಾರ್’ ಎಂದು ನೀವಾಗಿ ಕೇಳಬೇಡಿ. ಬೇಡದ ಸೂಜಿಯನ್ನು ತಪ್ಪಿಸುವುದು ಸೂಜಿಯ ಭಯಕ್ಕೆ ಮೊದಲ ಮದ್ದು.

ಪ್ರಶ್ನೆ: ಏಳು ವರ್ಷದ ಮಗನಿಗೆ ಟಾನ್ಸಿಲ್ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ನಾವಿನ್ನೂ ಅವನಿಗೆ ಹೇಳಿಲ್ಲ. ಹೇಗೆ ಹೇಳುವುದು, ಆಮೇಲೆ ನೋವಿಗೆ ಏನು ಮಾಡುವುದು?
– ದಂಪತಿ, ಹುಬ್ಬಳ್ಳಿ

ಉತ್ತರ: ಏಳು ವರ್ಷದವನಿಗೆ ನಾಲ್ಕೈದು ದಿನ ಮೊದಲೇ ಹೇಳಬಹುದು. ಪ್ರಶ್ನೆ ಕೇಳಲು ಅವನಿಗೂ ಸಮಯ ಬೇಕು. ‘ಗಂಟಲಿನಲ್ಲಿ ಪದೇ ಪದೇ ಊದಿಕೊಳ್ಳುವ ಗಂಟುಗಳನ್ನು ಡಾಕ್ಟರು ತೆಗೆಯುತ್ತಾರೆ. ಆಗ ನಿನಗೆ ವಿಶೇಷವಾದ ನಿದ್ದೆ ಬರಿಸುತ್ತಾರೆ. ಆ ನಿದ್ದೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಕೆಲಸ ಮುಗಿದ ಮೇಲೆ ಡಾಕ್ಟರೇ ಎಬ್ಬಿಸುತ್ತಾರೆ’ ಎಂದು ಹೇಳಿ. ರಾತ್ರಿಯ ನಿದ್ದೆಗೂ ಇದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಬಿಡಿಸಿ ಹೇಳುವುದು ಮುಖ್ಯ. ಇಲ್ಲವಾದರೆ ನಡುವೆ ಎಚ್ಚರವಾದರೇನು ಗತಿ ಎಂದು ಕೆಲವು ಮಕ್ಕಳು ಒಳಗೊಳಗೇ ಹೆದರುತ್ತಾರೆ, ಮನೆಗೆ ಬಂದ ಮೇಲೆ ರಾತ್ರಿ ಮಲಗಲೂ ಅಂಜುತ್ತಾರೆ. ನಾಯಿಯನ್ನೋ ಬೆಕ್ಕನ್ನೋ ‘ನಿದ್ದೆ ಮಾಡಿಸಿಬಿಟ್ಟರು’ ಎಂಬ ಮಾತನ್ನು ಕೇಳಿರುವ ಮಗುವಾದರೆ ಈ ವಿವರಣೆ ಇನ್ನೂ ಅಗತ್ಯ.

ಅರಿವಳಿಕೆ ತಜ್ಞರನ್ನು ಹಿಂದಿನ ದಿನವೇ ಕಂಡು ಮೂರು ಸಂಗತಿ ಕೇಳಿ. ಮೊದಲನೆಯದು ಉಪವಾಸ. ಸಾಮಾನ್ಯವಾಗಿ ಗಟ್ಟಿ ಆಹಾರವನ್ನು ಆರು ಗಂಟೆ ಮೊದಲು ನಿಲ್ಲಿಸಬೇಕು, ತಿಳಿನೀರನ್ನು ಎರಡು ಗಂಟೆ ಮೊದಲಿನ ತನಕ ಕುಡಿಸಬಹುದು. ರಾತ್ರಿ ಹತ್ತರಿಂದ ಮಧ್ಯಾಹ್ನದವರೆಗೆ ಒಂದು ಗುಟುಕು ನೀರೂ ಇಲ್ಲದೆ ಬಾಯೊಣಗಿ ಕಾದು ಕುಳಿತ ಮಗುವಿಗೆ ಧೈರ್ಯ ಎಲ್ಲಿಂದ ಬರಬೇಕು? ಎರಡನೆಯದು, ಮಗುವಿಗೆ ಮಂಪರು ಬರುವವರೆಗೆ ನಿಮ್ಮಲ್ಲಿ ಒಬ್ಬರು ಪಕ್ಕದಲ್ಲಿರಬಹುದೇ, ಆಗದಿದ್ದರೆ ಒಳಗೆ ಕರೆದೊಯ್ಯುವ ಮೊದಲೇ ಆತಂಕ ತಗ್ಗಿಸುವ ಔಷಧವನ್ನು ಕುಡಿಸುವರೇ ಎಂಬುದು. ಮೂರನೆಯದು, ಉಸಿರಾಟದ ಮುಖವಾಡವನ್ನು ಅವನು ಮೊದಲೇ ಮುಟ್ಟಿ ನೋಡಬಹುದೇ ಎಂಬುದು. ಒಮ್ಮೆ ತನ್ನ ಕೈಯಿಂದಲೇ ಮೂಗಿಗೆ ಹಿಡಿದು ನೋಡಿದ ವಸ್ತು ಮರುದಿನ ಅಷ್ಟಾಗಿ ಹೆದರಿಸುವುದಿಲ್ಲ. ತಂದೆತಾಯಿ ಆಸ್ಪತ್ರೆಯಲ್ಲಿ ಮಗುವಿನ ಜೊತೆಗಿರಬೇಕು ಎಂಬುದನ್ನು ಇಂಗ್ಲೆಂಡಿನ ಪ್ಲಾಟ್ ಸಮಿತಿ 1959ರಲ್ಲೇ ಶಿಫಾರಸು ಮಾಡಿದೆ. ನೀವು ಕೇಳುತ್ತಿರುವುದು ವಿಶೇಷ ಸೌಲಭ್ಯವಲ್ಲ, ಸಂಕೋಚಪಡಬೇಡಿ. ಎಚ್ಚರವಾಗುವಾಗ ಅವನು ಗುರುತು ಸಿಗದವನಂತೆ ಅತ್ತು ಹೊರಳಾಡಿದರೆ ಗಾಬರಿಯಾಗಬೇಡಿ. ಅರಿವಳಿಕೆ ಇಳಿಯುವಾಗ ಕೆಲವು ಮಕ್ಕಳಿಗೆ ಹಾಗಾಗುತ್ತದೆ, ಅರ್ಧ ಗಂಟೆಯಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ.

ಗಂಟಲ ನೋವು ಒಂದು ವಾರದಿಂದ ಹತ್ತು ದಿನ ಇರಬಹುದು, ಕಿವಿಯೂ ನೋಯಬಹುದು. ಮೊದಲ ಕೆಲವು ದಿನ ಅವನು ಅಳುವವರೆಗೆ ಕಾಯದೆ, ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲನ್ನು ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕೊಡಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ, ನೋವಿದ್ದರೆ ಮಗು ನೀರು ಕುಡಿಯುವುದಿಲ್ಲ, ನೀರು ಕುಡಿಯದಿದ್ದರೆ ಗಂಟಲು ಒಣಗಿ ನೋವು ಇನ್ನೂ ಹೆಚ್ಚುತ್ತದೆ. ಮನೆಯಲ್ಲಿರುವ ಬೇರೆ ನೋವಿನ ಮಾತ್ರೆಗಳನ್ನು ಮುಟ್ಟಬೇಡಿ. ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಆಸ್ಪಿರಿನ್ ಮಕ್ಕಳಿಗಲ್ಲ, ಕೋಡೀನ್ ಇರುವ ಔಷಧವಂತೂ ಈ ಶಸ್ತ್ರಚಿಕಿತ್ಸೆಯ ನಂತರ ಉಸಿರಾಟಕ್ಕೇ ಅಪಾಯ. ಬಾಯಿಯಿಂದ ಕೆಂಪು ರಕ್ತ ಬಂದರೆ, ಅದು ಹತ್ತನೆಯ ದಿನವಾಗಿದ್ದರೂ ತಕ್ಷಣ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಕುದಿಯುವ ಸಾರು ಬಿದ್ದು ಮೂರು ವರ್ಷದ ಮಗನ ಎದೆ, ತೋಳು ಸುಟ್ಟಿದೆ. ಎರಡು ದಿನಕ್ಕೊಮ್ಮೆ ಡ್ರೆಸ್ಸಿಂಗ್ ಬದಲಿಸುತ್ತಾರೆ. ಮೊದಲೆರಡು ಸಲ ಚೀರಿಕೊಂಡ ಮಗು ಈಗ ಅಳುವುದನ್ನೇ ಬಿಟ್ಟಿದೆ, ಗೋಡೆ ನೋಡುತ್ತಾ ಮಲಗಿರುತ್ತದೆ. ಅಭ್ಯಾಸವಾಯಿತು ಎನ್ನುತ್ತಾರೆ.
– ಒಬ್ಬ ತಾಯಿ, ರಾಯಚೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸುಟ್ಟ ಗಾಯದ ಡ್ರೆಸ್ಸಿಂಗ್ ಯಾವ ಮಗುವಿಗೂ ಅಭ್ಯಾಸವಾಗುವುದಿಲ್ಲ. ಅತ್ತರೂ ಯಾರೂ ನಿಲ್ಲಿಸುವುದಿಲ್ಲ ಎಂದು ಅರಿತ ಮಗು ಅಳು ಬಿಡುತ್ತದೆ. ಆಟ ಬಿಟ್ಟಿದ್ದಾನೆಯೇ, ಮೈ ಬಿಗಿಹಿಡಿದು ಮಲಗುತ್ತಾನೆಯೇ, ತೋಳನ್ನು ಯಾರೂ ಮುಟ್ಟದಂತೆ ಕಾಯುತ್ತಾನೆಯೇ, ಹುಬ್ಬು ಗಂಟಿಕ್ಕಿರುತ್ತದೆಯೇ ಎಂದು ಗಮನಿಸಿ. ಮಾತು ಬಾರದ ವಯಸ್ಸಿನವರ ನೋವನ್ನು ವೈದ್ಯರು ಅಳೆಯುವುದೂ ಹೀಗೆಯೇ. ಮುಖ, ಕಾಲು, ಚಲನೆ, ಅಳು, ಸಮಾಧಾನಗೊಳ್ಳುವ ಬಗೆ ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಟ್ಟು ಹತ್ತಕ್ಕೆ ಲೆಕ್ಕ ಹಾಕುವ ಕ್ರಮವಿದೆ.

ಮುಂದಿನ ಸಲ ಹೋದಾಗ ಸಂಕೋಚವಿಲ್ಲದೆ ಹೀಗೆ ಕೇಳಿ: ‘ಡ್ರೆಸ್ಸಿಂಗಿಗೆ ಮೊದಲು ನೋವಿಗೆ ಏನು ಕೊಡುತ್ತೀರಿ, ಎಷ್ಟು ಹೊತ್ತು ಮೊದಲು ಕೊಡುತ್ತೀರಿ?’ ಬಾಯಿಯಿಂದ ಕೊಟ್ಟ ಔಷಧ ಕೆಲಸ ಮಾಡಲು ಅರ್ಧದಿಂದ ಒಂದು ಗಂಟೆ ಬೇಕು. ಗಾಯ ದೊಡ್ಡದಿದ್ದರೆ ಪ್ಯಾರಾಸಿಟಮಾಲ್ ಒಂದೇ ಸಾಲದು, ಮಾರ್ಫಿನ್ ಅಥವಾ ಸ್ವಲ್ಪ ಹೊತ್ತು ಮಂಪರು ಬರಿಸುವ ಕೆಟಮಿನ್ ಬೇಕಾಗಬಹುದು. ವೈದ್ಯರ ಕಣ್ಗಾವಲಿನಲ್ಲಿ ನೋವಿಗಾಗಿ ಕೊಟ್ಟ ಮಾರ್ಫಿನ್‌ನಿಂದ ಮಗು ವ್ಯಸನಿಯಾಗುತ್ತದೆ ಎಂಬ ಭಯ ಬೇಡ. ಆಸ್ಪತ್ರೆಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕವಸ್ತುಗಳ ಕಾಯಿದೆಗೆ ತಿದ್ದುಪಡಿ ತರಲಾಯಿತು. ಗಾಯಕ್ಕೆ ಅಂಟಿಕೊಂಡ ಪಟ್ಟಿಯ ಬಟ್ಟೆಯನ್ನು ಸಲೈನಿನಲ್ಲಿ ಚೆನ್ನಾಗಿ ನೆನೆಸಿದ ಮೇಲೆ ತೆಗೆಯಲಿ. ಪಟ್ಟಿಯ ತುದಿಯನ್ನು ಮಗನೇ ಬಿಚ್ಚಲಿ, ಅವನು ‘ನಿಲ್ಲಿಸಿ’ ಎಂದಾಗ ಹತ್ತು ಎಣಿಸುವಷ್ಟು ಹೊತ್ತು ಎಲ್ಲರೂ ನಿಜವಾಗಿ ನಿಲ್ಲಿಸಲಿ. ಇದು ಅವನ ಹಾಸಿಗೆಯ ಮೇಲೆ ನಡೆಯದಿರಲಿ, ಹಾಸಿಗೆಯಾದರೂ ಅವನಿಗೆ ನಿರ್ಭಯದ ಜಾಗವಾಗಿ ಉಳಿಯಲಿ.

ಪ್ರಶ್ನೆ: ನಾನು ಲಸಿಕೆ ಹಾಕುವ ಆರೋಗ್ಯ ಸಹಾಯಕಿ. ಅಂಗನವಾಡಿಯಲ್ಲಿ ಒಂದೇ ಬೆಳಿಗ್ಗೆ ಮೂವತ್ತು ನಲವತ್ತು ಮಕ್ಕಳು ಸೇರುತ್ತಾರೆ. ನೀವು ಬರೆಯುವುದನ್ನೆಲ್ಲ ಮಾಡಲು ನಮಗೆ ಸಮಯ ಎಲ್ಲಿದೆ?
– ಓದುಗರು, ಚಾಮರಾಜನಗರ

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆಯ ನೋವು ತಗ್ಗಿಸುವ ಬಗ್ಗೆ ಸಲಹೆ ಕೊಟ್ಟಾಗ ನಿಮ್ಮಂಥವರ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಒಂದು ಗಂಟೆ ಕಾಯಬೇಕಾದ ದುಬಾರಿ ಮುಲಾಮನ್ನು ಸಾರ್ವಜನಿಕ ಕಾರ್ಯಕ್ರಮಗಳಿಗೆ ಅದು ಹೇಳಲಿಲ್ಲ. ಹೇಳಿದ್ದರಲ್ಲಿ ಕೆಲವು ನಿಮ್ಮ ಸಮಯವನ್ನು ಉಳಿಸುತ್ತವೆ. ಸೂಜಿ ಚುಚ್ಚಿದ ಮೇಲೆ ರಕ್ತ ಬರುತ್ತದೆಯೇ ಎಂದು ಸಿರಿಂಜನ್ನು ಹಿಂದಕ್ಕೆಳೆದು ನೋಡುವುದು ಬೇಡ, ಲಸಿಕೆ ಹಾಕುವ ತೊಡೆಯ ಮತ್ತು ತೋಳಿನ ಜಾಗಗಳಲ್ಲಿ ದೊಡ್ಡ ರಕ್ತನಾಳಗಳಿಲ್ಲ, ಎಳೆದಷ್ಟೂ ನೋವು ಹೆಚ್ಚು. ಎರಡು ಮೂರು ಲಸಿಕೆಗಳಿದ್ದರೆ ಹೆಚ್ಚು ಉರಿಯುವುದನ್ನು ಕೊನೆಗೆ ಇಟ್ಟುಕೊಳ್ಳಿ. ತುಂಬಿದ ಸಿರಿಂಜುಗಳು ಸಾಲಿನಲ್ಲಿ ಕಾಯುವ ಮಕ್ಕಳ ಕಣ್ಣಿಗೆ ಬೀಳದಿರಲಿ. ಸಾಲಿನಲ್ಲಿರುವ ತಾಯಂದಿರಿಗೆ ಹಾಲೂಡಿಸಲು ಶುರು ಮಾಡುವಂತೆ ಆಶಾ ಕಾರ್ಯಕರ್ತೆಯೇ ಮೊದಲೇ ಹೇಳಿದರೆ ನಿಮ್ಮ ಕೆಲಸ ನಿಲ್ಲುವುದಿಲ್ಲ.

ನಾನು ತರಬೇತಿಯಲ್ಲಿದ್ದಾಗ, ಆರು ವರ್ಷದ ಹುಡುಗನೊಬ್ಬನಿಗೆ ಗ್ಲೂಕೋಸ್ ಹಾಕಲು ರಕ್ತನಾಳ ಹುಡುಕುತ್ತಾ ಮೂರು ಸಲ ಚುಚ್ಚಿ ಸೋತಿದ್ದೆ. ಇಬ್ಬರು ಅವನ ಕಾಲು ಹಿಡಿದಿದ್ದರು, ಅಪ್ಪನನ್ನು ಹೊರಗೆ ಕಳಿಸಿದ್ದೆವು. ಆಗ ಹಿರಿಯ ಸಿಸ್ಟರ್ ಒಬ್ಬರು ಬಂದು ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಟ್ರೇಯಲ್ಲಿಟ್ಟರು. ಎಲ್ಲರನ್ನೂ ಹೊರಗೆ ಕಳಿಸಿ ಅಪ್ಪನನ್ನು ಒಳಗೆ ಕರೆದರು, ಹುಡುಗನನ್ನು ಅವರ ತೊಡೆಯ ಮೇಲೆ ಕೂರಿಸಿದರು, ಅವನ ಕೈಯನ್ನು ತಮ್ಮ ಅಂಗೈಗಳ ನಡುವೆ ಇಟ್ಟುಕೊಂಡು ಬೆಚ್ಚಗಾಗುವವರೆಗೆ ಅವನ ಊರಿನ ಜಾತ್ರೆಯ ಬಗ್ಗೆ ಕೇಳುತ್ತಾ ಕುಳಿತರು. ನಾಲ್ಕು ನಿಮಿಷವಾಗಿರಬೇಕು. ಒಂದೇ ಸಲಕ್ಕೆ ನಾಳ ಸಿಕ್ಕಿತು. ಅದಕ್ಕೂ ಮುಂಚೆ ನಾನು ಕಳೆದಿದ್ದ ಸಮಯ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಮೂರು ದಿನಗಳ ನಂತರ ಕ್ಯಾನುಲಾ ಬದಲಿಸಬೇಕಾದಾಗ ಹುಡುಗ ಅತ್ತ, ಆದರೆ ಯಾರೂ ಹಿಡಿಯಬೇಕಾಗಲಿಲ್ಲ. ‘ಆ ಸಿಸ್ಟರೇ ಬರಲಿ’ ಎಂದಷ್ಟೇ ಕೇಳಿದ.